ತೋಳಿನ ಮೇಲೊಂದು ತೇಪೆ, ಜೋಮು ಹಿಡಿದ ಕಿರುಬೆರಳು

ಸಲಹೆಗೆ ಬಂದವರು 36 ವರ್ಷದ ವಿವಾಹಿತ ಪುರುಷ, ಕೈಗೆಲಸವೇ ವೃತ್ತಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.

ಮೂರು ವಾರಗಳಿಂದ ಅವರು ಬೇರೆ ಕೋಣೆಯಲ್ಲಿ ಮಲಗುತ್ತಿದ್ದರು. ತಟ್ಟೆ, ಲೋಟ ಬೇರೆ ಮಾಡಿಕೊಂಡಿದ್ದರು, ಮಗಳನ್ನು ಎತ್ತಿಕೊಳ್ಳುವುದನ್ನು ಬಿಟ್ಟಿದ್ದರು. ಹೆಂಡತಿಗೆ ಕಾರಣ ಹೇಳಿರಲಿಲ್ಲ. ಚರ್ಮವೈದ್ಯರು ಕುಷ್ಠರೋಗವೆಂದು ಗುರುತಿಸಿ ಕೊಟ್ಟ ಮಾತ್ರೆಯ ಪೊಟ್ಟಣವನ್ನು ಒಡೆದೇ ಇರಲಿಲ್ಲ.

ಎಂಟು ತಿಂಗಳ ಹಿಂದೆ ಮುಂಗೈ ಮೇಲೆ ತಿಳಿಗೆಂಪು ತೇಪೆಯೊಂದು ಕಂಡಿತ್ತು. ಹುಳುಕಡ್ಡಿ ಎಂದು ಎರಡು ತಿಂಗಳು ಮುಲಾಮು ಹಚ್ಚಿದರು. ಆಮೇಲೆ ಕಿರುಬೆರಳು, ಉಂಗುರಬೆರಳಿನಲ್ಲಿ ಜೋಮು ಶುರುವಾಯಿತು. ಅದಕ್ಕೆ ಕತ್ತಿನ ಮೂಳೆ ಸವೆತವೆಂದು ಬೇರೊಬ್ಬರ ಬಳಿ ಚಿಕಿತ್ಸೆ. ತೇಪೆ ನೋಡಿದವರಿಗೆ ಜೋಮಿನ ವಿಷಯ ತಿಳಿಯಲಿಲ್ಲ, ಜೋಮು ಕೇಳಿದವರು ಅಂಗಿಯ ತೋಳು ಮಡಚಿಸಿ ನೋಡಲಿಲ್ಲ. ಕೊನೆಗೆ ಬಿಸಿ ಪಾತ್ರೆ ತಗುಲಿ ತೇಪೆಯ ಮೇಲೆ ಬೊಬ್ಬೆ ಎದ್ದಾಗ ನೋವೇ ಆಗಲಿಲ್ಲ. ಚರ್ಮವೈದ್ಯರ ಬಳಿ ಹೋಗಿದ್ದು ಆಗ. ಬೆನ್ನಿನಲ್ಲಿ ಇನ್ನೂ ಆರು ತೇಪೆಗಳಿದ್ದವು. ಮೊಣಕೈ ಹಿಂದಿನಿಂದ ಕಿರುಬೆರಳಿನತ್ತ ಹೋಗುವ ಉಲ್ನಾರ್ ನರ ಹಗ್ಗದಂತೆ ದಪ್ಪವಾಗಿತ್ತು.

ಹುಳುಕಡ್ಡಿ ತುರಿಸುತ್ತದೆ, ಅಂಚು ಉಬ್ಬಿ ಹೊಟ್ಟು ಏಳುತ್ತದೆ. ತೊನ್ನು ಹಾಲಿನಷ್ಟು ಬಿಳುಪು, ಸ್ಪರ್ಶ ಚೆನ್ನಾಗಿಯೇ ತಿಳಿಯುತ್ತದೆ. ಸರ್ಪಸುತ್ತಿನಲ್ಲಿ ಮೈಯ ಒಂದೇ ಬದಿಗೆ ಉರಿ ನೋವು, ಗುಳ್ಳೆಗಳ ಪಟ್ಟಿ. ಕುಷ್ಠದ ತೇಪೆ ಸಾಮಾನ್ಯವಾಗಿ ತುರಿಸುವುದಿಲ್ಲ, ನೋಯುವುದಿಲ್ಲ. ಜನ ತಡಮಾಡುವುದು ಅದಕ್ಕೇ.

ತೇಪೆಯಲ್ಲಿ ಸ್ಪರ್ಶ ಕುಂದಿದೆಯೇ ಎಂದು ಪರೀಕ್ಷಿಸಲು ಹತ್ತಿಯ ಸಣ್ಣ ಎಳೆ ಸಾಕು. ಮೊದಲು ಕಣ್ಣು ತೆರೆದಿರುವಾಗ ಚೆನ್ನಾಗಿರುವ ಚರ್ಮದ ಮೇಲೆ ಮುಟ್ಟಿ ತೋರಿಸಬೇಕು. ನಂತರ ಕಣ್ಣು ಮುಚ್ಚಿಸಿ, ಒಮ್ಮೆ ತೇಪೆಯ ಮೇಲೆ, ಒಮ್ಮೆ ಹೊರಗೆ ಮುಟ್ಟಬೇಕು. ಮುಟ್ಟಿದ ಜಾಗವನ್ನು ಅವರೇ ಬೆರಳಿಟ್ಟು ತೋರಿಸಬೇಕು. ಸವರಿದರೆ ಪಕ್ಕದ ಚರ್ಮ ಸುಳಿವು ಕೊಟ್ಟುಬಿಡುತ್ತದೆ. ‘ಗೊತ್ತಾಯಿತೇ?’ ಎಂದು ಕೇಳುತ್ತ ಹೋದರೆ ಊಹಿಸಿ ಹೌದೆನ್ನುತ್ತಾರೆ. ಮುಖದ ತೇಪೆಯಲ್ಲಿ ಸ್ಪರ್ಶ ಉಳಿದಿರಬಹುದು. ಕೆಲವು ಬಗೆಯ ಕುಷ್ಠದಲ್ಲಿ ತೇಪೆಗಳು ಮರಗಟ್ಟುವುದೇ ಇಲ್ಲ. ಹಾಗಾಗಿ ಸ್ಪರ್ಶ ಇದೆ ಎಂದ ಮಾತ್ರಕ್ಕೆ ಕುಷ್ಠ ಅಲ್ಲವೆಂದು ಬಿಡಬಾರದು.

ಅವರಿಗೆ ಮೊದಲು ಹೇಳಿದ್ದು: ಔಷಧ ಇಂದೇ ಶುರುವಾಗಲಿ. ಶುರುವಾದ ಕೆಲವೇ ದಿನಗಳಲ್ಲಿ ಹರಡುವ ಸಾಧ್ಯತೆ ಇಲ್ಲವಾಗುತ್ತದೆ. ಇದು ವಂಶಪಾರಂಪರ್ಯವಲ್ಲ, ತಟ್ಟೆಯಿಂದಲೂ ಬರುವುದಿಲ್ಲ. ಮಗಳನ್ನು ಎತ್ತಿಕೊಳ್ಳಬಹುದು.

ತೇಪೆಗಳು ಐದಕ್ಕಿಂತ ಹೆಚ್ಚಿದ್ದರಿಂದ ಚಿಕಿತ್ಸೆ 12 ತಿಂಗಳು. ತಿಂಗಳಿಗೊಮ್ಮೆ ವೈದ್ಯಸಿಬ್ಬಂದಿಯ ಎದುರು ರಿಫಾಂಪಿಸಿನ್ 600 ಮಿ.ಗ್ರಾಂ ಮತ್ತು ಕ್ಲೋಫಜಿಮಿನ್ 300 ಮಿ.ಗ್ರಾಂ, ದಿನವೂ ಡ್ಯಾಪ್ಸೋನ್ 100, ಕ್ಲೋಫಜಿಮಿನ್ 50 ಮಿ.ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 1995ರಿಂದ ಈ ಔಷಧವನ್ನು ಉಚಿತವಾಗಿ ಒದಗಿಸುತ್ತಿದೆ. ಮೂತ್ರ ಕೆಂಪಾಗುತ್ತದೆ, ಚರ್ಮ ಕಪ್ಪಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಹೆದರಿ ಮಾತ್ರೆ ಬಿಡುವವರಿದ್ದಾರೆ. ಮೊದಲ ವಾರಗಳಲ್ಲಿ ಜ್ವರದೊಂದಿಗೆ ಮೈತುಂಬ ದದ್ದು ಎದ್ದರೆ ಮಾತ್ರ ಡ್ಯಾಪ್ಸೋನ್ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು.

ಚಿಕಿತ್ಸೆಯ ನಡುವೆ ತೇಪೆ ಕೆಂಪಾಗಿ ಊದಿದರೆ, ನರ ನೋಯುತ್ತಿದ್ದರೆ, ಬೆರಳಿನ ಬಲ ಕುಂದಿದರೆ ಅದು ರಿಯಾಕ್ಷನ್, ಅಂದರೆ ರೋಗಾಣುವಿನ ವಿರುದ್ಧ ದೇಹದ ಪ್ರತಿರೋಧದಿಂದ ಏಳುವ ಉರಿಯೂತ. ಔಷಧ ಒಗ್ಗಲಿಲ್ಲ ಎಂದುಕೊಂಡು ನಿಲ್ಲಿಸುವುದು ಇಲ್ಲಿ ಆಗುವ ದೊಡ್ಡ ತಪ್ಪು. ಕುಷ್ಠದ ಮಾತ್ರೆಗಳು ಮುಂದುವರಿಯಬೇಕು, ಜೊತೆಗೆ ಉರಿಯೂತ ಇಳಿಸುವ ಸ್ಟೀರಾಯ್ಡ್ ಬೇಕಾಗುತ್ತದೆ. ನರದ ಹೊಸ ಹಾನಿಗೆ ಆರು ತಿಂಗಳೊಳಗೆ ಚಿಕಿತ್ಸೆ ಸಿಕ್ಕರೆ ಚೇತರಿಕೆಯ ಸಾಧ್ಯತೆ ಚೆನ್ನಾಗಿದೆ. ವಾರಕ್ಕೊಮ್ಮೆ ಕಿರುಬೆರಳು ಮತ್ತು ಉಂಗುರಬೆರಳಿನ ಸಂದಿಯಲ್ಲಿ ಕಾಗದ ಹಿಡಿದು ಇನ್ನೊಬ್ಬರಿಂದ ಎಳೆಸಿ ನೋಡಲು ಹೇಳಿಕೊಟ್ಟೆವು. ಸಂಜೆ ಅಂಗೈಯನ್ನು 20 ನಿಮಿಷ ತಣ್ಣೀರಿನಲ್ಲಿ ನೆನೆಸಿ ಎಣ್ಣೆ ಸವರುವುದು, ಬಿಸಿ ವಸ್ತುವನ್ನು ಬಟ್ಟೆಯಿಲ್ಲದೆ ಹಿಡಿಯದಿರುವುದು ನಿತ್ಯದ ಕ್ರಮ.

ಎರಡನೇ ಭೇಟಿಗೆ ಹೆಂಡತಿಯೂ ಬಂದರು. ಅವರನ್ನೂ ಮಗಳನ್ನೂ ಪರೀಕ್ಷೆಗೆ ಕಳುಹಿಸಲಾಯಿತು, ರೋಗ ಇರಲಿಲ್ಲ. ರೋಗ ಬರದಂತೆ ತಡೆಯಲು ಒಂದೇ ಸಲದ ರಿಫಾಂಪಿಸಿನ್ ಕೊಟ್ಟರು. ಕಾಗದ ಎಳೆಯುವ ಕೆಲಸ ಹೆಂಡತಿಯದಾಯಿತು. ನಾಲ್ಕನೇ ತಿಂಗಳಲ್ಲಿ ಕಾಗದ ಸಲೀಸಾಗಿ ಜಾರಿದ್ದನ್ನು ಗಮನಿಸಿದವರು ಅವರೇ. ಮರುದಿನವೇ ಸ್ಟೀರಾಯ್ಡ್ ಶುರುವಾಯಿತು. ಬೆರಳಿನ ಬಲ ಬಹುಪಾಲು ಮರಳಿದೆ. ಅಂಗೈ ಅಂಚಿನ ಜೋಮು ಉಳಿದಿದೆ. ಉಪಕರಣಗಳ ಹಿಡಿಗೆ ದಪ್ಪ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾರೆ.