ಪವನಾ ತುಂಬಿದರೂ ನಲ್ಲಿ ಯಾಕೆ ಒಣಗಿದೆ? ಪುಣೆ ಓದುಗರ ಪ್ರಶ್ನೆಗಳು

ನೀರು, ಪಾರ್ಕು, ಪಾಲಿಕೆ ಬಗ್ಗೆ ಏನಿದ್ದರೂ ಕೇಳಿ ಎಂದಿದ್ದೆವು. ಬಂದ ಪತ್ರಗಳಲ್ಲಿ ಅರ್ಧ ಬರೀ ಬೈಗುಳ. ಬೈಗುಳಕ್ಕೆ ನನ್ನ ಪೂರ್ತಿ ಸಹಮತ ಇದೆ, ಆದರೆ ಅದಕ್ಕೆ ಉತ್ತರ ಬರೆಯಲು ಆಗುವುದಿಲ್ಲ. ಉಳಿದವನ್ನು ಇಲ್ಲಿ ತೆಗೆದುಕೊಂಡಿದ್ದೇನೆ.

ಪವನಾ ಅಣೆಕಟ್ಟು ತುಂಬಿದೆ ಅಂತ ಪೇಪರಿನಲ್ಲಿ ಫೋಟೋ ಸಮೇತ ಬಂದಿತ್ತು. ಆದರೂ ನಮಗೆ ದಿನ ಬಿಟ್ಟು ದಿನ ನೀರು. ಪಾಲಿಕೆಯವರು ಟ್ಯಾಂಕರ್‌ನವರ ಜೊತೆ ಶಾಮೀಲಾ? (ವಾಕಡ್‌ನಿಂದ ಒಬ್ಬ ಗೃಹಿಣಿ)

ಯಾರೂ ಶಾಮೀಲಾಗದಿದ್ದರೂ ನಿಮಗೆ ದಿನ ಬಿಟ್ಟು ದಿನವೇ ನೀರು ಬರುತ್ತಿತ್ತು ಅಕ್ಕಾ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿ ಅಂದರೆ ಪಂಪು ಮತ್ತು ಪೈಪು. ಪವನಾದಿಂದ ನಿಮ್ಮ ವಾಕಡ್ ಸೇರಿರುವ ಪಿಂಪ್ರಿ-ಚಿಂಚವಾಡ ಪಾಲಿಕೆಗೆ ನೇರ ಪೈಪ್ ಇಲ್ಲ. ಅಣೆಕಟ್ಟಿನಿಂದ ಬಿಟ್ಟ ನೀರು ನದಿಯಲ್ಲೇ ಹರಿದು ರಾವೇತ್‌ಗೆ ಬರುತ್ತದೆ. ಅಲ್ಲಿ ಎತ್ತಿ, ನಿಗಡಿಯ ಸೆಕ್ಟರ್ 23ರ ಘಟಕದಲ್ಲಿ ಶುದ್ಧ ಮಾಡಿ ಊರಿಗೆ ಬಿಡುತ್ತಾರೆ. ಅಲ್ಲಿ ಎಷ್ಟು ಎತ್ತಲು, ಎಷ್ಟು ಶುದ್ಧ ಮಾಡಲು ಆಗುತ್ತದೋ ಅಷ್ಟೇ ನಿಮ್ಮ ನೀರು, ಅಣೆಕಟ್ಟು ಕೋಡಿ ಬಿದ್ದರೂ ಅಷ್ಟೇ. ನಿಮ್ಮ ವಾಕಡ್, ತಾಥವಡೆ, ಪುನಾವಳೆ ಕಡೆ ಟವರ್ ಮೇಲೆ ಟವರ್ ಎದ್ದವು, ಇರುವ ನೀರು ಸಾಲದಾಯಿತು. 2019ರ ನವೆಂಬರ್‌ನಲ್ಲಿ ದಿನ ಬಿಟ್ಟು ದಿನ ಶುರುವಾಯಿತು. ಆಗ ತಾತ್ಕಾಲಿಕ ಅಂದಿದ್ದರು.

ಹಾಗಾದರೆ ಅಣೆಕಟ್ಟಿನಿಂದಲೇ ಪೈಪ್ ಹಾಕಬಾರದಿತ್ತಾ? ಹಾಕಲು ಹೊರಟಿದ್ದರು. 2011ರ ಆಗಸ್ಟ್ 9ರಂದು ಅಣೆಕಟ್ಟು ಇರುವ ಮಾವಳ ತಾಲೂಕಿನ ರೈತರು ಇದನ್ನು ವಿರೋಧಿಸಿ ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇಗೆ ಬಂದರು, ಗೋಲಿಬಾರ್ ಆಯಿತು, ಮೂವರು ಸತ್ತರು. ಕೆಲಸ ನಿಂತಿತು. ತಡೆಯನ್ನು ರಾಜ್ಯ ಸರಕಾರ ತೆಗೆದದ್ದು 2023ರಲ್ಲಿ. ನಾವು ಪೇಟೆಯವರು ಇದನ್ನು ಓದಿ 'ರಾಜಕೀಯ' ಅಂದುಬಿಡುತ್ತೇವೆ. ಆದರೆ ನದಿಯಲ್ಲಿ ನೀರು ಹರಿದರೆ ದಂಡೆಯ ಬಾವಿಗಳಿಗೂ ಸಿಗುತ್ತದೆ, ಪೈಪಿನಲ್ಲಿ ಹೋದರೆ ಅವರ ಊರಿನ ನೀರು ಅವರ ಕಣ್ಣೆದುರೇ ದಾಟಿ ಹೋಗುತ್ತದೆ. ಅವರ ಸಿಟ್ಟು ಸುಮ್ನೆ ಬಂದದ್ದಲ್ಲ. ಈ ನಡುವೆ ಪಾಲಿಕೆ ಆಂದ್ರಾ ಮತ್ತು ಭಾಮಾ ಆಸಖೇಡ್ ಅಣೆಕಟ್ಟುಗಳಲ್ಲೂ ಪಾಲು ಪಡೆದಿದೆ, ಎರಡೂ ಸೇರಿ ದಿನಕ್ಕೆ 267 ದಶಲಕ್ಷ ಲೀಟರ್. ಕಾಗದದ ಮೇಲೆ ಪಾಲು ಸಿಕ್ಕಿದೆ ಅಂದರೆ ನಲ್ಲಿಗೆ ಬಂತು ಅಂತಲ್ಲ, ಗೊತ್ತಲ್ಲ. ನಿಮ್ಮ ಸೊಸೈಟಿಯವರು ಇನ್ನು ಮುಂದೆ 'ಅಣೆಕಟ್ಟು ತುಂಬಿದೆಯಾ' ಎಂದು ಕೇಳುವುದು ಬಿಟ್ಟು 'ನಮ್ಮ ಭಾಗದ ಟಾಕಿಗೆ ಯಾವ ಘಟಕದಿಂದ ನೀರು, ಆ ಲೈನ್ ಕೆಲಸ ಎಲ್ಲಿಗೆ ಬಂತು' ಅಂತ ಲಿಖಿತವಾಗಿ ಕೇಳಲಿ.

ಖಡಕ್‌ವಾಸ್ಲಾದಿಂದ ಇಂದಾಪುರ, ದೌಂಡ್ ಕಡೆಗೆ ಕಾಲುವೆಯಲ್ಲಿ ಅಷ್ಟೊಂದು ನೀರು ಬಿಡುತ್ತಾರೆ. ಅದನ್ನು ನಿಲ್ಲಿಸಿ ಪುಣೆಗೇ ಕೊಡಬಾರದಾ? (ಹಡಪಸರ್‌ನಿಂದ ಒಬ್ಬ ಐಟಿ ಉದ್ಯೋಗಿ)

ಕೊಡಬಾರದು. ಖಡಕ್‌ವಾಸ್ಲಾ ಪುಣೆಯೊಂದಕ್ಕೇ ಕಟ್ಟಿದ್ದಲ್ಲ, ಹೊಲಗಳಿಗೂ ಕಟ್ಟಿದ್ದು, ಅದೂ 19ನೇ ಶತಮಾನದಲ್ಲಿ. ನಮ್ಮ ವಿಶ್ವೇಶ್ವರಯ್ಯನವರ ತಾನಾಗಿ ತೆರೆದುಕೊಳ್ಳುವ ಗೇಟುಗಳನ್ನು ಮೊದಲು ಕೂರಿಸಿದ್ದು ಇಲ್ಲೇ, 1903ರಲ್ಲಿ. ಈಗ ಖಡಕ್‌ವಾಸ್ಲಾದಲ್ಲಿ ಹಿಡಿಯುವುದು ಬರೀ 1.97 ಟಿಎಂಸಿ. ಪಾನಶೇತ್, ವರಸಗಾವ್, ಟೇಮಘರ್ ಸೇರಿದರೆ ನಾಲ್ಕರಲ್ಲೂ 29.15. ಮೇಲಿನ ಮೂರು ಅಣೆಕಟ್ಟುಗಳ ನೀರು ಖಡಕ್‌ವಾಸ್ಲಾಕ್ಕೆ ಬಂದು, ಅಲ್ಲಿಂದ ಊರಿಗೂ ಕಾಲುವೆಗೂ ಹಂಚಿಕೆಯಾಗುತ್ತದೆ.

ಹಂಚುವವರು ಪಾಲಿಕೆಯವರಲ್ಲ. ಪಾಲಕ ಮಂತ್ರಿಗಳ (ಜಿಲ್ಲಾ ಉಸ್ತುವಾರಿ ಸಚಿವರ) ಅಧ್ಯಕ್ಷತೆಯ ಕಾಲವಾ ಸಮಿತಿ, ಅಂದರೆ ಕಾಲುವೆ ಸಮಿತಿ ಕೂತು, ಹೊಲಕ್ಕೆ ಎಷ್ಟು ಆವರ್ತನ (ಎಷ್ಟು ಸಲ ನೀರು ಬಿಡಬೇಕು), ಊರಿಗೆ ಎಷ್ಟು ಉಳಿಸಬೇಕು ಅಂತ ತೀರ್ಮಾನ ಮಾಡುತ್ತದೆ. ಮಳೆಗಾಲ ಮುಗಿದ ಮೇಲೆ ಒಂದು ಸಭೆ, ಬೇಸಿಗೆ ಹತ್ತಿರ ಬಂದಾಗ ಇನ್ನೊಂದು. ಏಪ್ರಿಲ್‌ನಲ್ಲಿ ನಿಮ್ಮ ನಲ್ಲಿ ಒಣಗಿದಾಗ ನೀವು ನಗರಸೇವಕರ (ಕಾರ್ಪೊರೇಟರ್) ಮನೆಗೆ ಹೋಗುತ್ತೀರಿ, ಅಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ. ಇನ್ನೊಂದು ಕಡೆ, ಊರಿಗೆ ಬಂದ ನೀರಿನಲ್ಲಿ ಸುಮಾರು 40 ಪ್ರತಿಶತ ಸೋರಿಕೆಯಲ್ಲೇ ಹೋಗುತ್ತದೆ ಅಂತ ಪಾಲಿಕೆಯವರೇ ಹೇಳುತ್ತಾ ಬಂದಿದ್ದಾರೆ. ಇಂದಾಪುರದ ಕಬ್ಬಿನ ಬಗ್ಗೆ ನನಗೂ ಹೇಳುವುದಿದೆ, ಆದರೆ ಮೊದಲು ನಮ್ಮ ರಸ್ತೆ ಕೆಳಗಿನ ಪೈಪು ರಿಪೇರಿ ಆಗಲಿ.

ನಾವು ಖಡಕ್‌ವಾಸ್ಲಾ ಹತ್ತಿರವೇ ಇದ್ದೇವೆ. ಪಾಲಿಕೆಗೆ ಸೇರಿದೆವು, ಟ್ಯಾಕ್ಸ್ ಬಂತು, ನೀರು ಬರಲಿಲ್ಲ. ಟ್ಯಾಂಕರ್ ಖರ್ಚು ಯಾರು ಕೊಡಬೇಕು? (ಕಿರ್ಕಟವಾಡಿ)

2017ರಲ್ಲಿ 11 ಹಳ್ಳಿ, 2021ರಲ್ಲಿ 23 ಹಳ್ಳಿ ಪುಣೆ ಪಾಲಿಕೆಗೆ ಸೇರಿದವು. ಬೋರ್ಡು ಒಂದೇ ದಿನದಲ್ಲಿ ಬದಲಾಯಿತು, ಪೈಪು ಅಷ್ಟು ಬೇಗ ಬರುವ ವಸ್ತುವಲ್ಲ. ಖರ್ಚಿನ ವಿಷಯಕ್ಕೆ ಬಂದರೆ, ಎಷ್ಟೋ ಪ್ರಾಜೆಕ್ಟುಗಳಲ್ಲಿ ಬಿಲ್ಡರ್ ಪರವಾನಗಿ ಪಡೆಯುವಾಗಲೇ 'ಪಾಲಿಕೆಯ ನೀರು ಬರುವವರೆಗೆ ನನ್ನ ಖರ್ಚಿನಲ್ಲಿ ನೀರು ಕೊಡುತ್ತೇನೆ' ಅಂತ ಹಮೀಪತ್ರ (ಮುಚ್ಚಳಿಕೆ) ಬರೆದುಕೊಟ್ಟಿರುತ್ತಾನೆ. ಓಸಿ (ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ) ಸಿಕ್ಕ ಮೇಲೆ ಆ ಕಾಗದದ ನೆನಪು ಯಾರಿಗೂ ಇರುವುದಿಲ್ಲ. ನಿಮ್ಮ ಕಟ್ಟಡದ ಕಡತದಲ್ಲಿ ಅದು ಇದೆಯಾ ಅಂತ ಆರ್‌ಟಿಐ ಹಾಕಿ ಪ್ರತಿ ತೆಗೆದುಕೊಳ್ಳಿ. ಅದು ಕೈಯಲ್ಲಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಇದಕ್ಕಿಂತ ಮುಖ್ಯ ಇನ್ನೊಂದು. 2025ರ ಜನವರಿಯಲ್ಲಿ ನಿಮ್ಮ ಕಿರ್ಕಟವಾಡಿ, ನಾಂದೇಡ್ ಗಾವ್, ಧಾಯರಿ ಕಡೆಯೇ ಜಿಬಿಎಸ್ (ಗಿಯಾನ್-ಬಾರೆ) ಎಂಬ ನರಗಳ ಕಾಯಿಲೆ ಹಬ್ಬಿದ್ದು, ಕಲುಷಿತ ನೀರಿನ ಮೇಲೇ ಅನುಮಾನ ಬಂದಿದ್ದು. ಟ್ಯಾಂಕರ್ ನೀರಾಗಲಿ ಬಾವಿ ನೀರಾಗಲಿ, ಸೊಸೈಟಿಯಲ್ಲಿ ಕ್ಲೋರಿನ್ ನೋಡುವ ಒಂದು ಚಿಕ್ಕ ಕಿಟ್ ಇಟ್ಟುಕೊಳ್ಳಿ. ನಲ್ಲಿ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು. ವಾಚ್‌ಮನ್‌ಗೂ ಕಲಿಸಬಹುದು.

ನಮ್ಮ ಸೊಸೈಟಿ ಪಕ್ಕದ ಜಾಗ ಪಾಲಿಕೆ ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿದೆ, 'ಉದ್ಯಾನ' ಅಂತ ಬರೆದಿದೆ. ಆದರೆ ಅಲ್ಲಿರುವುದು ಗ್ಯಾರೇಜು. ಪಾರ್ಕ್ ಯಾವಾಗ ಆಗುತ್ತದೆ? (ಕೋಥರೂಡ್‌ನಿಂದ ನಿವೃತ್ತ ಶಿಕ್ಷಕರು)

ಗುರುಗಳೇ, ನಕ್ಷೆಯ ಹಸಿರು ಅಂದರೆ ಪಾಲಿಕೆಯ ಆಸೆ ಅಷ್ಟೇ. ಜಾಗ ಈಗಲೂ ಮಾಲೀಕನದ್ದು. ಡಿಪಿಯಲ್ಲಿ (ಊರಿನ ಅಭಿವೃದ್ಧಿ ಯೋಜನೆಯಲ್ಲಿ) ಆರಕ್ಷಣ ಹಾಕಿದ ಮೇಲೆ, ಅಂದರೆ ಜಾಗವನ್ನು ಪಾರ್ಕಿನಂಥ ಕೆಲಸಕ್ಕೆ ಕಾದಿರಿಸಿದ ಮೇಲೆ, ಪಾಲಿಕೆ ಅದನ್ನು ದುಡ್ಡು ಕೊಟ್ಟೋ ಟಿಡಿಆರ್ (ಬೇರೆ ಕಡೆ ಹೆಚ್ಚು ಕಟ್ಟುವ ಹಕ್ಕು) ಕೊಟ್ಟೋ ವಶಕ್ಕೆ ಪಡೆಯಬೇಕು. ಹಾಗೆ ಪಡೆಯದೆ ಬಿಟ್ಟ ಜಾಗಗಳಲ್ಲೇ ಗ್ಯಾರೇಜು, ಮಂಗಲ ಕಾರ್ಯಾಲಯ, ಚಾಟ್ ಅಂಗಡಿ ಎಲ್ಲ ಬರುವುದು.

ಈಗ ಸ್ವಲ್ಪ ಗಮನ ಕೊಟ್ಟು ಓದಿ, ಇದು ಕೋಥರೂಡ್‌ನವರಿಗೆ ಮಾತ್ರವಲ್ಲ, ಪುಣೆ ಪಾಲಿಕೆಯ ಹಳೆಯ ಗಡಿಯೊಳಗಿನ ಎಲ್ಲರಿಗೂ ಸೇರಿದ್ದು. 1966ರ ಎಂಆರ್‌ಟಿಪಿ ಕಾಯ್ದೆಯ (ಮಹಾರಾಷ್ಟ್ರದ ನಗರ ಯೋಜನೆ ಕಾಯ್ದೆ) 127ನೇ ಕಲಮಿನ ಪ್ರಕಾರ, ಅಂತಿಮ ಡಿಪಿ ಜಾರಿಯಾಗಿ 10 ವರ್ಷದೊಳಗೆ ಜಾಗ ವಶಕ್ಕೆ ಪಡೆಯದಿದ್ದರೆ ಮಾಲೀಕ 'ಕೊಂಡುಕೊಳ್ಳಿ' ಅಂತ ನೋಟಿಸ್ ಕೊಡಬಹುದು. ಆಮೇಲೆ 24 ತಿಂಗಳಲ್ಲಿ ಪಾಲಿಕೆ ವಶಪಡಿಸಿಕೊಳ್ಳುವ ಹೆಜ್ಜೆ ಇಡದಿದ್ದರೆ ಆರಕ್ಷಣ ಬಿದ್ದುಹೋಗುತ್ತದೆ, ಮಾಲೀಕ ಪಕ್ಕದ ಜಾಗದವರಂತೆ ಕಟ್ಟಡ ಕಟ್ಟಬಹುದು. ಹಳೆ ಗಡಿಯ ಡಿಪಿಗೆ ಸರಕಾರ ಮಂಜೂರಿ ಕೊಟ್ಟದ್ದು 2017ರ ಜನವರಿಯಲ್ಲಿ. ಹತ್ತು ಕೂಡಿಸಿ ನೋಡಿ. ನಿಮ್ಮ ಗ್ಯಾರೇಜಿನ ಮಾಲೀಕ ಈ ಲೆಕ್ಕ ಹಾಕಿರುವುದಿಲ್ಲ ಅಂದುಕೊಂಡಿದ್ದೀರಾ?

ಮಾಲೀಕನನ್ನೂ ಪೂರ್ತಿ ಬೈಯಲು ಮನಸ್ಸು ಬರುವುದಿಲ್ಲ. ಹತ್ತಾರು ವರ್ಷ ಜಾಗ ಕಟ್ಟಿಹಾಕಿ, ದುಡ್ಡೂ ಕೊಡದೆ ಬಿಟ್ಟರೆ ಯಾರಾದರೂ ಏನು ಮಾಡುತ್ತಾರೆ? ಊರ ಸುತ್ತಲಿನ ಟೇಕಡಿಗಳಲ್ಲೂ (ಗುಡ್ಡಗಳಲ್ಲೂ) ಇದೇ ಕಥೆ. 1997ರಲ್ಲಿ ಸೇರಿದ ಹಳ್ಳಿಗಳ ಗುಡ್ಡಗಳ ಮೇಲೆ ಬಿಡಿಪಿ, ಅಂದರೆ ಜೀವವೈವಿಧ್ಯ ಉದ್ಯಾನದ ಆರಕ್ಷಣ ಹಾಕಿದರು, 2015ರಲ್ಲಿ ಪರಿಹಾರ ಅಂತ 8 ಪ್ರತಿಶತ ಟಿಡಿಆರ್ ಹೇಳಿದರು. ಅಷ್ಟಕ್ಕೆ ಜಾಗ ಬಿಟ್ಟುಕೊಡಲು ಯಾರು ಓಡಿ ಬರುತ್ತಾರೆ?

ನೀವು ಮಾಡಬೇಕಾದ್ದು ಹೀಗೆ. ಆ ಜಾಗದ ಸರ್ವೆ ನಂಬರ್ ಹಿಡಿದು ಪಾಲಿಕೆಯಿಂದ ಝೋನ್ ದಾಖಲಾ ತೆಗೆಸಿ, ಆರಕ್ಷಣ ಯಾವುದು ಅಂತ ಅದರಲ್ಲಿ ಬರುತ್ತದೆ. ಸಾತಬಾರಾ ಉತಾರಾ (ಪಹಣಿ) ಅಥವಾ ಪ್ರಾಪರ್ಟಿ ಕಾರ್ಡ್ ನೋಡಿದರೆ ಜಾಗ ಪಾಲಿಕೆ ಹೆಸರಿಗೆ ಬಂದಿದೆಯಾ ಗೊತ್ತಾಗುತ್ತದೆ. ಬಂದಿದ್ದರೆ ಉದ್ಯಾನ ವಿಭಾಗದ ಹಿಂದೆ ಬೀಳಿ. ಬಂದಿಲ್ಲದಿದ್ದರೆ, 127ರ ನೋಟಿಸ್ ಬಂದಿದೆಯಾ ಅಂತ ಆರ್‌ಟಿಐ ಹಾಕಿ. ಪೇಪರಿನಲ್ಲಿ ಅದೇ ಕಾಯ್ದೆಯ 37ನೇ ಕಲಮಿನ ಸಣ್ಣ ಅಕ್ಷರದ ಜಾಹೀರಾತುಗಳ ಮೇಲೂ ಕಣ್ಣಿಡಿ. ಆರಕ್ಷಣ ಬದಲಿಸುವುದು ಅಲ್ಲೇ, ಆಕ್ಷೇಪಕ್ಕೆ ಒಂದು ತಿಂಗಳು ಸಿಗುತ್ತದೆ. ಆ ತಿಂಗಳಲ್ಲಿ ನೂರು ಜನರ ಸಹಿ ಇರುವ ಒಂದು ಅರ್ಜಿಗಿಂತ, ನೂರು ಜನ ಬೇರೆ ಬೇರೆ ಕೊಟ್ಟ ಅರ್ಜಿಗೆ ಬೆಲೆ ಜಾಸ್ತಿ.

ನಮಗೆ ಕುಡಿಯಲು ನೀರಿಲ್ಲ, ಪಾರ್ಕಿನ ಹುಲ್ಲಿಗೆ ಪೈಪು ಬಿಟ್ಟಿರುತ್ತಾರೆ. ಇದು ಸರಿಯಾ? (ಔಂಧ್)

ಯಾವ ನೀರು ಅಂತ ಮೊದಲು ಕೇಳಿ. ಶುದ್ಧ ಮಾಡಿದ ಚರಂಡಿ ನೀರಾದರೆ ಬಿಡಲಿ, ಬಹಳ ಒಳ್ಳೆಯದು. ಮುಂಢವಾದಲ್ಲಿ ಅದೇ ಥರದ ನೀರನ್ನು ಎತ್ತಿ ಹೊಲಗಳ ಕಾಲುವೆಗೆ ಬಿಡುವ ಏರ್ಪಾಡಿದೆ. ಕುಡಿಯುವ ನೀರೇ ಹುಲ್ಲಿಗೆ ಹೋಗುತ್ತಿದ್ದರೆ ಫೋಟೋ ತೆಗೆದು ದೂರು ಕೊಡಿ. ಹಾಗೇ ನಿಮ್ಮ ಸೊಸೈಟಿಯ ಎಸ್‌ಟಿಪಿ (ಚರಂಡಿ ನೀರು ಶುದ್ಧ ಮಾಡುವ ಘಟಕ) ನಡೆಯುತ್ತಿದೆಯಾ, ಇಲ್ಲಾ ತಪಾಸಣೆ ದಿನ ಮಾತ್ರ ಸ್ವಿಚ್ ಹಾಕುತ್ತೀರಾ?

ಮರಾಠಿ ಮಾತಾಡುತ್ತೇವೆ, ಬರೆಯಲು ಬರುವುದಿಲ್ಲ. ಕನ್ನಡದವರು ಅರ್ಜಿ ಹೇಗೆ ಕೊಡುವುದು? (ಬಿಬ್ವೇವಾಡಿ)

ಆರ್‌ಟಿಐ ಅರ್ಜಿ ಇಂಗ್ಲಿಷ್, ಹಿಂದಿ, ಮರಾಠಿ ಮೂರರಲ್ಲೂ ಕೊಡಬಹುದು, ಶುಲ್ಕ 10 ರೂಪಾಯಿ. ಇಂಗ್ಲಿಷಿನಲ್ಲಿದೆ ಅಂತ ವಾಪಸ್ ಕಳಿಸುವಂತಿಲ್ಲ. ಆದರೆ ವಾರ್ಡ್ ಆಫೀಸಿನ ಸಾದಾ ಅರ್ಜಿ ಮರಾಠಿಯಲ್ಲಿದ್ದರೆ ಬೇಗ ಓಡುತ್ತದೆ, ಇದು ಅನುಭವದ ಮಾತು. ನಿಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ ಓದಿರುತ್ತಾರಲ್ಲ, ಅವರಿಗೇ ಹೇಳಿ. ಒಂದು ಪುಟ ಸಾಕು.

ನಮ್ಮ ಪಾರ್ಕಿನಲ್ಲಿ ಜಿಮ್ ಸಾಮಾನು ತುಂಬಿದ್ದಾರೆ, ವಯಸ್ಸಾದವರು ಕೂರಲು ಬೆಂಚಿಲ್ಲ. (ಸಹಕಾರನಗರ)

ಇದಕ್ಕೆ ಹೋರಾಟ ಬೇಡ, ಒಂದು ಫಾರಂ ಸಾಕು. ಪುಣೆ ಪಾಲಿಕೆಯಲ್ಲಿ 2006ರಿಂದ ನಾಗರಿಕರ ಸಹಭಾಗದ ಬಜೆಟ್ ಇದೆ, ಬೆಂಚು, ದೀಪ, ಫುಟ್‌ಪಾತ್ ಥರದ ಸಣ್ಣ ಕೆಲಸಗಳನ್ನು ನಾವೇ ಸೂಚಿಸಬಹುದು. ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕ್ಷೇತ್ರೀಯ ಕಾರ್ಯಾಲಯದಲ್ಲಿ ಫಾರಂ ತೆಗೆದುಕೊಳ್ಳುತ್ತಾರೆ. ಗಣಪತಿ ಹಬ್ಬದ ಗಡಿಬಿಡಿಯಲ್ಲಿ ಎಲ್ಲರೂ ಮರೆಯುತ್ತಾರೆ, ನೀವು ಹಬ್ಬಕ್ಕೆ ಮೊದಲೇ ಕೊಟ್ಟುಬಿಡಿ. 'ಬೆಂಚು ಬೇಕು' ಅಂತ ಬರೆದರೆ ಸಾಲದು. ಎಷ್ಟು ಬೆಂಚು, ಯಾವ ಗೇಟಿನ ಹತ್ತಿರ, ಯಾವ ಮರದ ಕೆಳಗೆ, ಅದನ್ನೂ ಬರೆಯಿರಿ. ಇಲ್ಲದಿದ್ದರೆ ಬಿಸಿಲಿನಲ್ಲಿ ತಂದು ಹಾಕುತ್ತಾರೆ.