ಮಠದ ಊರಿನಲ್ಲಿ ಬಸದಿ ಹೇಗೆ?

ಪ್ರಶ್ನೆ: ಅಕ್ಕಾ, ಮನೆಮಂದಿಯೆಲ್ಲ ಶೃಂಗೇರಿಗೆ ಹೋಗಿದ್ದೆವು. ಪೇಟೆ ಮಧ್ಯದಲ್ಲಿ ಜೈನ ಬಸದಿ ಕಂಡು ಆಶ್ಚರ್ಯವಾಯಿತು. ಮಠದ ಊರಿಗೆ ಬಸದಿ ಹೇಗೆ ಬಂತು? ಟಿಪ್ಪು ಈ ಮಠಕ್ಕೆ ಪತ್ರ ಬರೆದಿದ್ದು ನಿಜವಾ?
– ಓದುಗರೊಬ್ಬರು, ಹರಿಹರ

ಉತ್ತರ: ನನ್ನ ತವರು ಶೃಂಗೇರಿ ಹತ್ತಿರ. ಆದರೂ ಆ ಬಸದಿಯ ಒಳಗೆ ಮೊದಲ ಸಲ ಕಾಲಿಟ್ಟದ್ದು ಮದುವೆಯಾದ ಮೇಲೆ! ಚಿಕ್ಕವಳಿದ್ದಾಗ ಅಜ್ಜಿ ಜೊತೆ ಬಸ್ಸಿಳಿದರೆ ನೇರ ಹೊಳೆಗೆ ಓಟ. ಮೀನಿಗೆ ಹಾಕಲು ಒಂದು ಪೊಟ್ಟಣ ಮಂಡಕ್ಕಿ. ಅರ್ಧ ಮೀನಿಗೆ, ಅರ್ಧ ನನಗೆ. ಪೇಟೆ ಕಡೆ ನೋಡಲು ಪುರುಸೊತ್ತೆಲ್ಲಿ?

ಅದು ಪಾರ್ಶ್ವನಾಥ ಬಸದಿ, 12ನೇ ಶತಮಾನದ್ದು. ಮಾರಿಶೆಟ್ಟಿ ಎಂಬುವರ ನೆನಪಿಗೆ ಕಟ್ಟಿಸಿದ್ದು. ಮಠದ ಪರಂಪರೆ 8ನೇ ಶತಮಾನದ ಶಂಕರಾಚಾರ್ಯರಿಂದ ಶುರುವಾಗುತ್ತದೆ, ಸರಿ. ಆದರೆ ನಾವೆಲ್ಲ ಫೋಟೊ ತೆಗೆಯುವ ವಿದ್ಯಾಶಂಕರ ದೇವಸ್ಥಾನ 14ನೇ ಶತಮಾನದ್ದು. ಕಲ್ಲಿನ ಕಟ್ಟಡದ ಲೆಕ್ಕ ಹಿಡಿದರೆ ಬಸದಿಯೇ ದೊಡ್ಡಣ್ಣ. 1346ರಲ್ಲಿ ವಿಜಯನಗರದ ಅರಸ ಹರಿಹರ ತಮ್ಮಂದಿರ ಜೊತೆ ಬಂದು ಮಠದ ಆಗಿನ ಸ್ವಾಮಿಗಳಾದ ಭಾರತೀತೀರ್ಥರಿಗೆ ಭೂಮಿ ಕೊಟ್ಟಾಗಲೂ ಬಸದಿ ಅಲ್ಲೇ ಇತ್ತು. ಪೇಟೆಯ ಗುಡ್ಡದ ಮೇಲೆ ಮಲಹಾನಿಕರೇಶ್ವರ ಎಂಬ ಶಿವ, ಕೆಳಗೆ ಪಾರ್ಶ್ವನಾಥ, ಹೊಳೆ ದಂಡೆಯಲ್ಲಿ ಶಾರದೆ. ಊರವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಆಶ್ಚರ್ಯಪಡುವವರು ನಮ್ಮಂಥ ಬಸ್ಸಿನವರು, ಅಲ್ವಾ?

ಇನ್ನು ಪತ್ರಗಳು. ನಿಜವೇ, ಅದೂ ಕನ್ನಡದಲ್ಲಿ. 1791ರಲ್ಲಿ ಟಿಪ್ಪು ಮೇಲೆ ದಂಡೆತ್ತಿ ಬಂದ ಮರಾಠರ ಕಡೆಯ ಕುದುರೆ ಸವಾರರು ಮಠವನ್ನು ಲೂಟಿ ಮಾಡಿದರು. ಶಾರದೆಯ ವಿಗ್ರಹವನ್ನೂ ಕದಲಿಸಿದರು. ಆಗಿನ ಸ್ವಾಮಿಗಳು ಟಿಪ್ಪುವಿಗೆ ಬರೆದರು. ಅವನು ಮತ್ತೆ ಪ್ರತಿಷ್ಠೆ ಮಾಡಿಸಲು ಹಣ, ದವಸ ಕೊಡುವಂತೆ ತನ್ನ ಅಧಿಕಾರಿಗೆ ಆಜ್ಞೆ ಮಾಡಿದ. ನಗುತ್ತ ಪಾಪ ಮಾಡಿದವರು ಅಳುತ್ತ ಅನುಭವಿಸುತ್ತಾರೆ ಎಂಬ ಸಂಸ್ಕೃತ ಮಾತನ್ನೂ ಪತ್ರದಲ್ಲಿ ಸೇರಿಸಿದ. ಯುದ್ಧದ ಕಾಲ, ಅವನಿಗೂ ಲೆಕ್ಕಾಚಾರ ಇದ್ದೀತು. ಹಿಂದೂ ಮಠ ಸುಲಿದವರು ಮರಾಠರು, ನೆರವಾದವನು ಟಿಪ್ಪು! ಸುಮ್ನೆ ಎರಡೇ ಬಣ್ಣದಲ್ಲಿ ಇತಿಹಾಸ ಬಿಡಿಸುವವರಿಗೆ ಇದು ನುಂಗಲಾರದ ತುತ್ತು. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಈ ಪತ್ರಗಳನ್ನು ಮಠದಲ್ಲಿ ಪತ್ತೆಹಚ್ಚಿದರು.

ಸೋಪಾನದ ಹತ್ತಿರ ಕಪ್ಪೆ ಶಂಕರ ನೋಡಿದಿರಾ? ಬಿಸಿಲಲ್ಲಿ ಹೆರುತ್ತಿದ್ದ ಕಪ್ಪೆಗೆ ಹಾವು ಹೆಡೆ ಬಿಚ್ಚಿ ನೆರಳು ಕೊಟ್ಟ ಕಥೆಯ ಕಲ್ಲು. ಶಂಕರಾಚಾರ್ಯರು ಅದನ್ನು ಕಂಡೇ ಇಲ್ಲಿ ನಿಂತರು ಅಂತಾರೆ. ಮಳೆಗಾಲದಲ್ಲಿ ನಮ್ಮ ಕಡೆಯವರು "ಕಪ್ಪೆ ಶಂಕರ ಮುಳುಗ್ತಾ?" ಅಂತ ಕೇಳಿಯೇ ತುಂಗೆ ಎಷ್ಟು ಏರಿದೆ ಎಂದು ತಿಳಿಯುವುದು. ಮುಳುಗಿದ ಸುದ್ದಿ ಬಂದರೆ ನೀವೂ ಹೊಳೆ ಕಡೆ ಒಂದು ಕಣ್ಣಿಡಿ. ಕೂಡಲಿಯಲ್ಲಿ ಭದ್ರೆಯನ್ನು ಸೇರಿಕೊಂಡು ಅದೇ ನೀರು ನಿಮ್ಮ ಹರಿಹರಕ್ಕೆ ಬರುತ್ತದೆ.