ಫಿನ್ ಅಂಚು ಚೂಪಾ, ಗುಂಡಾ? ಮೊದಲು ದಪ್ಪ ಅಳೆಯಿರಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ: ಮಾದರಿ ರಾಕೆಟ್ಟಿನ ಬಾಲದ ರೆಕ್ಕೆ, ಅಂದರೆ ಫಿನ್, ಅದರ ಅಂಚನ್ನು ಚೂಪು ಮಾಡಬೇಕಾ, ಗುಂಡಗೆ ಮಾಡಬೇಕಾ? ಮಾಲೂರು, ಮುಳಬಾಗಿಲು, ಕೆಜಿಎಫ್, ಪಕ್ಕದ ಚಿಂತಾಮಣಿ, ಎಲ್ಲ ಕಡೆಯಿಂದಲೂ ಅದೇ. ಕೇಳುವ ಧಾಟಿ ಮಾತ್ರ ಬೇರೆ. ಹಿಂದೆ ಎರಡು ಸಾಲಿನಲ್ಲಿ ಉತ್ತರಿಸಿದ್ದೆ, ಅದರಿಂದ ಜಗಳ ನಿಲ್ಲುವ ಬದಲು ಇನ್ನೂ ಜೋರಾಯಿತು. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಫಿನ್ ಯಾಕೆ ಬೇಕು, ತೂಕದ ಕೇಂದ್ರ ಎಲ್ಲಿರಬೇಕು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದೆ ಅಂಚು ಉಜ್ಜಲು ಕೂತಿದ್ದರೆ ಸ್ಯಾಂಡ್ ಪೇಪರ್ ಕೆಳಗಿಡಿ.

ಪ್ರಶ್ನೆ: 25 ಮಿಲಿಮೀಟರ್ ಕೊಳವೆಯ ರಾಕೆಟ್, 3 ಮಿಲಿಮೀಟರ್ ಬಾಲ್ಸಾದ (ತುಂಬ ಹಗುರ ಮರ) ನಾಲ್ಕು ಫಿನ್. ಪ್ರತಿ ಫಿನ್ 50 ಮಿಲಿಮೀಟರ್ ಹೊರಗೆ ಚಾಚಿದೆ. ಮುಂದಿನ ಅಂಚನ್ನು ಕತ್ತಿಯಂತೆ ಚೂಪು ಮಾಡಿದರೆ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ ಅನ್ನುತ್ತಾನೆ ನನ್ನ ಗೆಳೆಯ. ನಾನು ಗುಂಡಗೆ ಉಜ್ಜುತ್ತೇನೆ. ಇನ್ನೊಬ್ಬ ಏನೂ ಮಾಡದೆ ಚೌಕವಾಗಿಯೇ ಬಿಡುತ್ತಾನೆ, ಅವನದೂ ನೆಟ್ಟಗೆ ಹಾರುತ್ತದೆ. ಯಾರು ಸರಿ ಸಾರ್? (ಬಂಗಾರಪೇಟೆ)

ಉತ್ತರ: ನೀವು ಸರಿ. ಆದರೆ ಮೂವರೂ ಮೊದಲು ನೋಡಬೇಕಾದ್ದನ್ನು ನೋಡಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿ. ನಿಮ್ಮ ಕೊಳವೆಯನ್ನು ಎದುರಿನಿಂದ ನೋಡಿದರೆ ಅದರ ವಿಸ್ತೀರ್ಣ ಸುಮಾರು 490 ಚದರ ಮಿಲಿಮೀಟರ್. ಒಂದು ಫಿನ್ ಎದುರಿನಿಂದ 3 ಇಂಟು 50, ಅಂದರೆ 150. ನಾಲ್ಕಕ್ಕೆ 600. ಇಡೀ ರಾಕೆಟ್ಟಿನ ಮೈಗಿಂತ ನಾಲ್ಕು ಫಿನ್‌ಗಳ ಅಂಚೇ ಗಾಳಿಗೆ ಜಾಸ್ತಿ ಎದೆ ಕೊಟ್ಟು ನಿಂತಿದೆ! ಮೂತಿಯ ತುದಿಯನ್ನು ವಾರಗಟ್ಟಲೆ ಪಾಲಿಶ್ ಮಾಡುವವರು ಇದನ್ನು ಒಮ್ಮೆಯೂ ಗುಣಿಸಿ ನೋಡಿರುವುದಿಲ್ಲ.

ಈಗ ಅದೇ ಫಿನ್ 2 ಮಿಲಿಮೀಟರ್ ಆಗಲಿ, ನಾಲ್ಕರ ಬದಲು ಮೂರಾಗಲಿ. 300. ಸ್ಯಾಂಡ್ ಪೇಪರ್ ಮುಟ್ಟುವ ಮೊದಲೇ ಅರ್ಧಕ್ಕೆ ಇಳಿಯಿತು. 2 ಮಿಲಿಮೀಟರ್ ಬಾಲ್ಸಾ ಮುರಿಯುತ್ತದೆ ಅಂತ ಹೆದರಿಕೆಯಾದರೆ ಎರಡೂ ಬದಿಗೆ ಮಾಮೂಲಿ ಬಿಳಿ ಹಾಳೆಯನ್ನು ಫೆವಿಕಾಲ್ ತೆಳ್ಳಗೆ ಬಳಿದು ಅಂಟಿಸಿ, ಚಪ್ಪಟೆಯಾಗಿ ಪುಸ್ತಕದ ಭಾರ ಇಟ್ಟು ರಾತ್ರಿ ಬಿಡಿ. ಬೆಳಗ್ಗೆ ಬಗ್ಗಿಸಿ ನೋಡಿ, ಆಮೇಲೆ ಮಾತಾಡಿ. ನಾಲ್ಕರಿಂದ ಮೂರಕ್ಕೆ ಇಳಿಸುವಾಗ ಮಾತ್ರ ಒತ್ತಡದ ಕೇಂದ್ರ (ಪಕ್ಕದಿಂದ ಗಾಳಿ ತಳ್ಳುವುದೆಲ್ಲ ಒಟ್ಟಾಗಿ ಬೀಳುವ ಜಾಗ) ಮುಂದಕ್ಕೆ ಸರಿಯುತ್ತದೆ, ಅದನ್ನು ಮತ್ತೆ ಲೆಕ್ಕ ಹಾಕದೆ ಹಾರಿಸಬೇಡಿ.

ಇನ್ನು ಅಂಚು. ಓಪನ್‌ರಾಕೆಟ್ ನಿಮ್ಮ ಹತ್ತಿರ ಇದ್ದೇ ಇರುತ್ತದೆ, ರಾಕೆಟ್ ಹೇಗೆ ಹಾರುತ್ತದೆ ಅಂತ ಲೆಕ್ಕ ಹಾಕುವ, ದುಡ್ಡಿಲ್ಲದೆ ಸಿಗುವ ತಂತ್ರಾಂಶ. ಅದರಲ್ಲಿ ಫಿನ್‌ಗೆ ಸ್ಕ್ವೇರ್, ರೌಂಡೆಡ್, ಏರ್‌ಫಾಯಿಲ್ ಅಂತ ಮೂರು ಆಯ್ಕೆ ಕೊಟ್ಟಿದ್ದಾರೆ. ಅದರ ಒಳಗಿನ ಲೆಕ್ಕ ಹೀಗಿದೆ. ಮುಂದಿನ ಅಂಚು ಚೌಕವಾಗಿದ್ದರೆ, ಆ ಅಂಚಿನ ಮುಖದ ವಿಸ್ತೀರ್ಣಕ್ಕೆ ತಡೆಯ ಗುಣಾಂಕ (ಗಾಳಿ ಎಷ್ಟು ತಡೆಯುತ್ತದೆ ಅನ್ನುವ ಅಂಕಿ) 0.85ರ ಆಸುಪಾಸು. ಗುಂಡಗಿದ್ದರೆ, ಕಡಿಮೆ ವೇಗದಲ್ಲಿ ಅದು ಹೆಚ್ಚು ಕಮ್ಮಿ ಸೊನ್ನೆ. ಹಿಂದಿನ ಅಂಚು ಚೌಕವಾಗಿದ್ದರೆ 0.12ರ ಆಸುಪಾಸು, ಗುಂಡಗಿದ್ದರೆ ಅದರ ಅರ್ಧ, ಸಣ್ಣಗೆ ಇಳಿಸಿದ್ದರೆ ಸೊನ್ನೆ. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮುಂದಿನ ಅಂಚಿನ ಮೂಲೆ ತೆಗೆದರೆ ಸಿಗುವ ಲಾಭ, ಹಿಂದಿನ ಅಂಚನ್ನು ಎಷ್ಟೇ ನಾಜೂಕಾಗಿ ಇಳಿಸಿದರೂ ಸಿಗುವ ಲಾಭದ ಏಳು ಪಟ್ಟು. ಆದರೆ ನನಗೆ ಬರುವ ಫೋಟೋಗಳಲ್ಲೆಲ್ಲ ಬಾಲ ಬ್ಲೇಡಿನ ಹಾಗೆ ಮಿಂಚುತ್ತಿರುತ್ತದೆ, ಮುಂದೆ ಮೂಲೆ ಹಾಗೇ ಇರುತ್ತದೆ. ಯಾಕೆ ಅಂದರೆ ಹಿಂದಿನದು ಉಜ್ಜಲು ಸುಲಭ, ನೋಡಲು ಚೆಂದ.

ನಿಮ್ಮ ಗೆಳೆಯನ ಕತ್ತಿಯ ವಿಷಯಕ್ಕೆ ಬರೋಣ. ಗಾಳಿಯನ್ನು "ಸೀಳಬೇಕು" ಅನ್ನುವುದು ಶಬ್ದಕ್ಕಿಂತ ವೇಗವಾಗಿ ಹೋಗುವವರ ಚಿಂತೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದಕ್ಕಿಂತ ನಿಧಾನ ಹೋಗುವಾಗ ಫಿನ್ ಬರುವ ಸುದ್ದಿ ಒತ್ತಡದ ರೂಪದಲ್ಲಿ ಮೊದಲೇ ಮುಂದಿನ ಗಾಳಿಗೆ ಮುಟ್ಟಿರುತ್ತದೆ. ಹಾರ್ನ್ ಹೊಡೆದುಕೊಂಡು ಬರುವ ಬಸ್ಸಿಗೆ ಸಂತೆಯ ಜನ ದಾರಿ ಬಿಟ್ಟ ಹಾಗೆ ಗಾಳಿ ತಾನೇ ಪಕ್ಕಕ್ಕೆ ಸರಿಯುತ್ತದೆ, ಗುಂಡಗಿನ ಅಂಚನ್ನು ಸವರಿಕೊಂಡು ಹಿಂದಕ್ಕೆ ಹೋಗುತ್ತದೆ. ಶಬ್ದವನ್ನು ಮೀರಿದರೆ ಆ ಸುದ್ದಿ ಮುಂದೆ ಹೋಗುವುದೇ ಇಲ್ಲ, ಆಘಾತದ ಅಲೆ ಏಳುತ್ತದೆ, ಆಗ ಚೂಪು ಅಂಚು ಬೇಕು. ಎ, ಬಿ, ಸಿ ದರ್ಜೆಯ ಸಣ್ಣ ಮೋಟಾರಿನ ನಿಮ್ಮ ರಾಕೆಟ್ ಶಬ್ದದ ಅರ್ಧ ವೇಗವನ್ನೂ ಮುಟ್ಟುವುದಿಲ್ಲ. ಯುದ್ಧ ಕ್ಷಿಪಣಿಯ ಫಿನ್ ಫೋಟೋ ನೋಡಿ ನಿಮ್ಮ ಬಾಲ್ಸಾ ಉಜ್ಜುವುದರಲ್ಲಿ ಏನರ್ಥ?

ಚೂಪು ಅಂಚಿಗೆ ಲಾಭ ಇಲ್ಲ ಅಷ್ಟೇ ಅಲ್ಲ, ನಷ್ಟವೂ ಇದೆ. ನಮ್ಮ ಕಡೆ ಆಷಾಢದಲ್ಲಿ ಗಾಳಿ ಹೇಗೆ ಬೀಸುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಅಡ್ಡಗಾಳಿ ಸೆಕೆಂಡಿಗೆ 5 ಮೀಟರ್ ಅಂತ ಇಟ್ಟುಕೊಳ್ಳಿ, ರಾಕೆಟ್ ಆಗಷ್ಟೇ ಹಾರಿಸುವ ರಾಡ್ ಬಿಟ್ಟು 30 ಮೀಟರ್ ವೇಗಕ್ಕೆ ಬಂದಿದೆ. ಆಗ ಗಾಳಿ ಫಿನ್‌ಗೆ ನೆಟ್ಟಗೆ ಬಡಿಯುವುದಿಲ್ಲ, ಒಂಬತ್ತು ಹತ್ತು ಡಿಗ್ರಿ ಓರೆಯಾಗಿ ಬಡಿಯುತ್ತದೆ. ಗುಂಡಗಿನ ಅಂಚಾದರೆ ಗಾಳಿ ಅದನ್ನು ಬಳಸಿಕೊಂಡು ಆಚೆ ಬದಿಗೂ ಅಂಟಿಕೊಂಡು ಹರಿಯಲು ನೋಡುತ್ತದೆ. ಕತ್ತಿಯ ಅಂಚಿನಲ್ಲಿ ಅಷ್ಟು ಬಿಗಿಯಾದ ತಿರುವು ತೆಗೆದುಕೊಳ್ಳಲು ಆಗದೆ ಅಲ್ಲೇ ಕಿತ್ತುಕೊಂಡು ಸುಳಿ ಸುತ್ತುತ್ತದೆ. ರಾಕೆಟ್ಟನ್ನು ನೆಟ್ಟಗೆ ಮಾಡುವ ಕೆಲಸ ಫಿನ್‌ಗೆ ಅತಿ ಹೆಚ್ಚು ಇರುವ ಗಳಿಗೆ ಅದೇ. ಜೊತೆಗೆ, ಬಾಲ್ಸಾದ ಚೂಪು ಅಂಚು ಎರಡು ಸಲ ಹೊಲದಲ್ಲಿ ಬಿದ್ದರೆ ಇಲಿ ತಿಂದ ಹಾಗೆ ಆಗಿರುತ್ತದೆ.

ಹಾಗಾದರೆ ಚೌಕ ಬಿಟ್ಟವನದು ಯಾಕೆ ಹಾರುತ್ತದೆ? ನೆಟ್ಟಗೆ ಹಾರುವುದಕ್ಕೂ ಎತ್ತರ ಹೋಗುವುದಕ್ಕೂ ವ್ಯತ್ಯಾಸ ಇದೆ. ನೆಟ್ಟಗೆ ಹೋಗುವುದು ಫಿನ್ ಎಷ್ಟು ದೊಡ್ಡದು, ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. 1960ರ ದಶಕದಲ್ಲಿ ಜೇಮ್ಸ್ ಬ್ಯಾರೋಮನ್ ಹವ್ಯಾಸಿಗಳಿಗೆ ಕೊಟ್ಟ, ಇವತ್ತಿಗೂ ನಾವೆಲ್ಲ ಬಳಸುವ ಸಮೀಕರಣಗಳು ಫಿನ್ ಅನ್ನು ತೆಳುವಾದ ಚಪ್ಪಟೆ ಹಲಗೆ ಅಂತಲೇ ಎಣಿಸುತ್ತವೆ. ಅಂಚಿನ ಆಕಾರಕ್ಕೆ ಅಲ್ಲಿ ಜಾಗವೇ ಇಲ್ಲ. ಚೌಕ ಬಿಟ್ಟವನದು ನೆಟ್ಟಗೇ ಹೋಗುತ್ತದೆ, ಕಮ್ಮಿ ಎತ್ತರ ಹೋಗುತ್ತದೆ. ಅವನು ಎತ್ತರ ಅಳೆದಿದ್ದಾನಾ? ಇಲ್ಲ ಅಲ್ವಾ?

ಈಗ ಕೆಲಸ ಹೇಳುತ್ತೇನೆ, ಹೀಗೇ ಮಾಡಿ. ಮರದ ಎಳೆ ಮುಂದಿನ ಅಂಚಿಗೆ ಸಮವಾಗಿ ಓಡುವಂತೆ ಫಿನ್ ಕತ್ತರಿಸಿ. ಅಡ್ಡ ಎಳೆ ಇದ್ದರೆ ಉಜ್ಜುವಾಗಲೇ ಮುರಿಯುತ್ತದೆ. ಎಲ್ಲ ಫಿನ್‌ಗಳನ್ನೂ ಒಟ್ಟಿಗೆ ಜೋಡಿಸಿ ಹಿಡಿದು ಹೊರ ಆಕಾರವನ್ನು ಒಂದೇ ಮಾಡಿ. ಆಮೇಲೆ ಬಿಡಿಸಿ, ಪ್ರತಿಯೊಂದರ ಅಂಚಿನ ನಡುವೆ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಮರದ ತುಂಡಿಗೆ ಸುತ್ತಿದ 220 ನಂಬರ್ ಪೇಪರಿನಿಂದ ಎರಡೂ ಬದಿ ಎಣಿಸಿ ಉಜ್ಜಿ, ಈ ಬದಿ ಹತ್ತು ಸಲ ಆದರೆ ಆ ಬದಿಯೂ ಹತ್ತು. ಗೆರೆ ಕೊನೆಯವರೆಗೂ ನಡುವೆಯೇ ಉಳಿಯಬೇಕು. ಬೆರಳಿಗೆ ಪೇಪರ್ ಸುತ್ತಿ ಉಜ್ಜಿದರೆ ಅಲೆ ಅಲೆಯಾಗುತ್ತದೆ. ಹಿಂದಿನ ಅಂಚನ್ನು ಕೊನೆಯ ಮೂರನೇ ಒಂದು ಭಾಗದಿಂದ ಇಳಿಜಾರು ಮಾಡಿ, ಅರ್ಧ ಮಿಲಿಮೀಟರ್ ದಪ್ಪ ಉಳಿಸಿ ನಿಲ್ಲಿಸಿ. ಹಾಳೆ ಅಂಟಿಸಿದ ಫಿನ್ ಆದರೆ ಅಂಚು ಉಜ್ಜಿದ ಕಡೆ ಬರಿಯ ಮರ ಕಾಣುತ್ತದೆ, ಅಲ್ಲಿ ಸ್ವಲ್ಪ ಫೆವಿಕಾಲ್ ನೀರು ಬಳಿದು ಒಣಗಿಸಿ. ಆಮೇಲೆ ಮರದ ಸಣ್ಣ ರಂಧ್ರ ಮುಚ್ಚುವ ಸೀಲರ್, ಮತ್ತೆ 400 ನಂಬರ್ ಪೇಪರ್. ಹೊರತುದಿಯನ್ನು ಹೇಗಾದರೂ ಬಿಡಿ, ಅದಕ್ಕಾಗಿ ಜಗಳ ಆಡುವವರ ಹತ್ತಿರ ನನಗೆ ಹೇಳಲು ಏನೂ ಇಲ್ಲ.

ಕೊಳವೆಗೆ ಅಂಟುವ ಬುಡದ ಅಂಚನ್ನು ಮಾತ್ರ ದಯವಿಟ್ಟು ಗುಂಡಗೆ ಮಾಡಬೇಡಿ. ನಾಲ್ಕು ಕಡೆಯೂ ಚೆಂದ ಕಾಣಲಿ ಅಂತ ಬುಡವನ್ನೂ ಉಜ್ಜಿ, ಆಮೇಲೆ ಅಂಟು ಹಿಡಿಯುವುದಿಲ್ಲ ಅಂತ ನನಗೆ ಬರೆಯುವವರು ಬಹಳ ಜನ. ಬುಡ ಚಪ್ಪಟೆ ಇರಬೇಕು. ಅಂಟಿಸಿ ಒಣಗಿದ ಮೇಲೆ ಮೂಲೆಯಲ್ಲಿ ಫೆವಿಕಾಲ್ ಎಳೆದು ಬೆರಳಿನಿಂದ ಒಳಬಾಗಿಸಿ. ಒಂದೇ ಸಲ ದಪ್ಪ ಸುರಿಯಬೇಡಿ, ಅದು ಕುಗ್ಗಿ ಗುಳ್ಳೆ ಬಿಡುತ್ತದೆ. ತೆಳ್ಳಗೆ ಎರಡು ಮೂರು ಸಲ ಎಳೆಯಿರಿ.

ಇದಕ್ಕೆ ಸೇರಿದ ಇನ್ನೊಂದು ತಲೆನೋವು ವಿಮಾನದ ರೆಕ್ಕೆ ಪಂಥದವರದು. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು ಮಾಡಿದರೆ "ಲಿಫ್ಟ್" ಬರುತ್ತದೆ ಅಂತ ಯಾವುದೋ ವಿಡಿಯೋದಲ್ಲಿ ಯಾರೋ ಹೇಳಿದ್ದಾರೆ. ಬರುತ್ತದೆ, ನಿಜ. ಅದು ಮೇಲಕ್ಕಲ್ಲ, ಪಕ್ಕಕ್ಕೆ! ಎಲ್ಲ ಫಿನ್‌ಗಳೂ ಒಂದೇ ಸುತ್ತಿಗೆ ತಳ್ಳಿದರೆ ರಾಕೆಟ್ ಗಿರಗಿರ ತಿರುಗುತ್ತದೆ, ಎತ್ತರಕ್ಕೆ ಹೋಗಬೇಕಾದ ಶಕ್ತಿ ತಿರುಗುವುದಕ್ಕೆ ಖರ್ಚಾಗುತ್ತದೆ. ಒಂದು ಮಾತ್ರ ಹಾಗಿದ್ದರೆ ಅದೃಷ್ಟ ನೋಡಿಕೊಳ್ಳಿ. ಒರಟಾದರೂ ಎರಡೂ ಬದಿ ಒಂದೇ ಥರ ಇರುವ ಫಿನ್, ನುಣುಪಾದ ಓರೆ ಫಿನ್‌ಗಿಂತ ಮೇಲು. ಫಿನ್ ಅಂಟಿಸುವಾಗ ಎರಡು ಡಿಗ್ರಿ ವಾಲಿಸಿ, ಆಮೇಲೆ ಅಂಚಿನ ಆಕಾರಕ್ಕೆ ತಲೆ ಕೆಡಿಸಿಕೊಂಡರೆ ಏನೂ ಪ್ರಯೋಜನ ಇಲ್ಲ.

ಪ್ರಶ್ನೆ: ಎರಡು ಲೀಟರ್ ಬಾಟಲಿಯ ನೀರಿನ ರಾಕೆಟ್‌ಗೆ ಸನ್‌ಪ್ಯಾಕ್ ಶೀಟಿನ (ಒಳಗೆ ಉದ್ದುದ್ದ ತೂತಿರುವ ಪ್ಲಾಸ್ಟಿಕ್ ಹಾಳೆ) ಫಿನ್. ಅದಕ್ಕೂ ಅಂಚು ಉಜ್ಜಬೇಕಾ? (ಶ್ರೀನಿವಾಸಪುರ)

ಉತ್ತರ: ಬೇಡ. ಅದೇ ಗುಣಾಕಾರ ಮಾಡಿ. ಬಾಟಲಿ ಸುಮಾರು 110 ಮಿಲಿಮೀಟರ್, ಅಂದರೆ 9,500 ಚದರ ಮಿಲಿಮೀಟರ್. 4 ಮಿಲಿಮೀಟರ್ ದಪ್ಪ, 100 ಮಿಲಿಮೀಟರ್ ಚಾಚಿದ ಮೂರು ಫಿನ್ ಅಂದರೆ 1,200. ನಿಮ್ಮ ರಾಕೆಟ್ಟಿನಲ್ಲಿ ಬಾಟಲಿಯೇ ದೊಡ್ಡ ಸಮಸ್ಯೆ. ಶೀಟಿನ ತೂತುಗಳು ಮುಂದಕ್ಕೆ ಬಾಯಿ ಬಿಟ್ಟಿದ್ದರೆ ಟೇಪ್ ಸುತ್ತಿ ಮುಚ್ಚಿ, ಅಂಚು ತಾನಾಗಿಯೇ ಸ್ವಲ್ಪ ಗುಂಡಗಾಗುತ್ತದೆ. ಗೀರು ಬಿದ್ದ ಹಳೆ ಬಾಟಲಿಗೆ ಗಾಳಿ ತುಂಬಬೇಡಿ.

ಪ್ರಶ್ನೆ: ಗಾಲ್ಫ್ ಚೆಂಡಿನಂತೆ ಫಿನ್ ಮೇಲೆ ಸಣ್ಣ ಗುಳಿ ಮಾಡಿದರೆ ಇನ್ನೂ ಎತ್ತರ ಹೋಗುತ್ತದಂತೆ?

ಉತ್ತರ: ಗುಳಿ ಉಪಯೋಗಕ್ಕೆ ಬರುವುದು ಚೆಂಡಿನಂಥ ದುಂಡು ಮೈಗೆ, ತೆಳು ಹಲಗೆಗಲ್ಲ.

ಪ್ರಶ್ನೆ: ಕಾರ್ಯಾಗಾರದಲ್ಲಿ ಒಬ್ಬರು ಫಿನ್‌ಗೆ ಹಚ್ಚುವ "ನ್ಯಾನೋ" ದ್ರವ ಮಾರುತ್ತಿದ್ದರು. ಗಾಳಿಯ ತಡೆ ಅರ್ಧ ಆಗುತ್ತದೆ ಅಂದರು. (ಕೋಲಾರ)

ಉತ್ತರ: ಅರ್ಧ ಆಗುವುದು ನಿಮ್ಮ ಜೇಬು. 400 ನಂಬರ್ ಪೇಪರ್ ತೆಗೆದುಕೊಳ್ಳಿ.

ಪ್ರಶ್ನೆ: ಟಿಪ್ಪು ಕಾಲದ ರಾಕೆಟ್‌ಗಳ ಫಿನ್ ಅಂಚು ಹೇಗಿತ್ತು? (ಬೂದಿಕೋಟೆ)

ಉತ್ತರ: ಹೈದರಾಲಿ ಹುಟ್ಟಿದ ಊರಿನವರೇ ಹೀಗೆ ಕೇಳಿದರೆ ಹೇಗೆ? ಅವಕ್ಕೆ ಫಿನ್ ಇರಲಿಲ್ಲ. ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದರು, ದಿಕ್ಕು ಹಿಡಿಸುತ್ತಿದ್ದದ್ದು ಅದೇ. ದೀಪಾವಳಿ ರಾಕೆಟ್‌ನ ಕಡ್ಡಿಯೂ ಅದೇ ಕೆಲಸ ಮಾಡುತ್ತದೆ.

ಪ್ರಶ್ನೆ: ಪೆಟ್ಲುಪ್ಪು, ಸಕ್ಕರೆ ಕಾಯಿಸಿ ಮನೆಯಲ್ಲೇ ಮೋಟಾರ್ ಮಾಡುವ ಪ್ರಮಾಣ ತಿಳಿಸಿ.

ಉತ್ತರ: ತಿಳಿಸುವುದಿಲ್ಲ. ಈ ಪ್ರಶ್ನೆ ಪ್ರತಿ ಸಲ ಬರುತ್ತದೆ, ಪ್ರತಿ ಸಲ ಇದೇ ಉತ್ತರ. ಪರವಾನಗಿ ಇಲ್ಲದೆ ಸ್ಫೋಟಕ ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯಡಿ ಅಪರಾಧ. ಅದಕ್ಕೂ ಮೊದಲು, ಒಲೆಯ ಮೇಲೆ ಅದು ಹೊತ್ತಿಕೊಂಡರೆ ನಿಮ್ಮ ಕೈ ಹೋಗುತ್ತದೆ. ಪಟಾಕಿ ಬಿಚ್ಚಿ ಮದ್ದು ತೆಗೆಯುವವರಿಗೂ ಇದೇ ಮಾತು. ಹಾರಿಸುವ ಆಸೆ ತಡೆಯಲಾಗದಿದ್ದರೆ ಬಾಟಲಿ, ನೀರು, ಸೈಕಲ್ ಪಂಪು ಇದೆ.

ಪ್ರಶ್ನೆ: ಹಾರಿಸಲು ಕೆರೆ ಅಂಗಳ ಒಳ್ಳೆಯದಾ, ಹೊಲ ಒಳ್ಳೆಯದಾ?

ಉತ್ತರ: ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲೆ ಒಣ ಕೆರೆ ಹುಡುಕುವುದೇ ಕಷ್ಟ, ಅದು ಸಂತೋಷದ ವಿಷಯವೇ. ಕೊಯ್ಲಾದ ರಾಗಿ ಹೊಲ ಸಾಕು, ಹೊಲದವರನ್ನು ಕೇಳಿ ಹೋಗಿ. ಟೊಮೆಟೊ ತೋಟದ ಪಕ್ಕ ಬೇಡ, ಕಡ್ಡಿ ತಂತಿಗಳ ನಡುವೆ ಪ್ಯಾರಾಚೂಟ್ ಸಿಕ್ಕಿಕೊಂಡರೆ ನೀವು ಗಿಡ ತುಳಿಯುತ್ತೀರಿ, ಅವರು ಬೈಯುತ್ತಾರೆ.

ಪ್ರಶ್ನೆ: ಫಿನ್‌ಗೆ ಯಾವ ಬಣ್ಣ?

ಉತ್ತರ: ಕಿತ್ತಳೆ. ಕೊಯ್ದ ಹೊಲದಲ್ಲಿ ಹಳದಿ ಹಚ್ಚಿದರೆ ಸಂಜೆವರೆಗೂ ಹುಡುಕುತ್ತಿರುತ್ತೀರಿ. ತೆಳ್ಳಗೆ ಒಂದೇ ಕೋಟ್ ಸಾಕು, ಬಾಲದಲ್ಲಿ ಬಣ್ಣದ ತೂಕ ಜಾಸ್ತಿಯಾದರೆ ತೂಕದ ಕೇಂದ್ರ ಹಿಂದಕ್ಕೆ ಜಾರುತ್ತದೆ.